ಏಳನೇ ನಂಬರಿನ ಪಾದಗಳು

ನಮ್ಮ ದೇಹದಲ್ಲಿ ಅತ್ಯಂತ ಅನಾದರಕ್ಕೆ ಗುರಿಯಾದವು ಯಾವುವೆಂದರೆ ಕಾಲಿನ ಬೆರಳುಗಳು. ಮುಖಕ್ಕೆ ಕನ್ನಡಿ ಇದೆ, ತಲೆಗೆ ಬಾಚಣಿಗೆ ಇದೆ. ಕಾಲ್ಬೆರಳು ನೆನಪಾಗುವುದು ಮಂಚದ ಕಾಲಿಗೆ ತಗುಲಿದಾಗ ಮಾತ್ರ. ನನ್ನವು ಇದಕ್ಕೆ ಹೊರತು. ಅವುಗಳ ಕಷ್ಟ ವಿಮಾನಪುರದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವಂತೆ ನಾನೇ ವ್ಯವಸ್ಥೆ ಮಾಡಿದ್ದೆ. ಬಲಗಾಲಿನ ಹೆಬ್ಬೆರಳು ಪಕ್ಕಕ್ಕೆ ವಾಲಿದೆ, ಎರಡನೆಯದು ಅದರ ಹೆಗಲೇರಿ ಕೂತಿದೆ. ತಪ್ಪು ನನ್ನದೇ. ಕಾರ್ಖಾನೆಗೆ ಸೇರಿದ ದಿನ, ಅಲ್ಲಿ ವರ್ಷಕ್ಕೊಮ್ಮೆ ಕೊಡುವ ಬೂಟಿನ ನಂಬರು ಏಳು ಎಂದು ಕಾರ್ಡಿನಲ್ಲಿ ಬರೆಸಿದ್ದೆ. ಆಮೇಲೆ ಪಾದ ಅಗಲವಾಯಿತು, ಕಾರ್ಡು ಹಾಗೇ ಉಳಿಯಿತು. ತಿದ್ದಿಸಲು ಒಂದು ಅರ್ಜಿ ಸಾಕಿತ್ತು, ಬರೆಯಲು ಸೋಮಾರಿತನ. ನಿವೃತ್ತನಾಗುವವರೆಗೆ ಪ್ರತಿ ವರ್ಷ ಹೊಸ ಏಳನ್ನೇ ತಂದು, ಅದರೊಳಗೆ ಪಾದ ತುರುಕಿ, ಸಂಜೆ ಮನೆಗೆ ಬಂದು ನರಳಿದೆ.

ಆ ನರಳಾಟಕ್ಕೆ ಬಿಸಿನೀರು, ಉಪ್ಪು, ಹತ್ತಿ ಹಿಡಿದು ಬರುತ್ತಿದ್ದವಳು ಹೆಂಡತಿ ಸರೋಜ. ಭೀಮನ ಅಮಾವಾಸ್ಯೆಯ ಪಾದಪೂಜೆಯಲ್ಲಂತೂ "ಆ ಬೆರಳು ಮುಟ್ಟಲ್ಲ, ಹೆದರ್ಬೇಡಿ" ಎಂದು ನನಗೆ ಧೈರ್ಯ ಹೇಳಿ, ಅದನ್ನು ತಪ್ಪಿಸಿ ಅರಿಶಿನ ಹಚ್ಚುತ್ತಿದ್ದಳು. ನಾನು ಕುರ್ಚಿಯ ಮೇಲೆ ದೇವರ ಹಾಗೆ ಕೂತಿರುತ್ತಿದ್ದೆ. ದೇವರು ಭಕ್ತರ ಪಾದ ನೋಡುವ ಪದ್ಧತಿ ಇಲ್ಲವಲ್ಲ.

ಈ ವರ್ಷ ಪೂಜೆ ಮುಗಿದ ವಾರ ಅವಳೇ ನನ್ನನ್ನು ಹಲಸೂರಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಅವರು ಬೆರಳುಗಳನ್ನು ಎಳೆದು ಬಗ್ಗಿಸಿ ನೋಡಿ, "ಮುಂದೆ ಅಗಲ ಇರೋ ಚಪ್ಪಲಿ ಹಾಕಿ ಸಾರ್. ಬೆರಳಿನ ಮಧ್ಯೆ ಸ್ಪಂಜ್ ಇಡಿ. ನೋವು ತಡೆಯೋಕಾಗ್ದಿದ್ರೆ ಮಾತ್ರ ಆಪರೇಷನ್ ಯೋಚನೆ ಮಾಡೋಣ" ಎಂದರು. ಇಷ್ಟೇನಾ ಎಂದು ನನಗೆ ಸ್ವಲ್ಪ ನಿರಾಸೆಯೇ ಆಯಿತು. ಹೊರಡುವಾಗ ಅವರ ಕಣ್ಣು ಸರೋಜಳ ಪಾದದ ಮೇಲೆ ಬಿತ್ತು. "ಅಮ್ಮಾ, ನೀವು ಕೂತ್ಕೊಳ್ಳಿ" ಎಂದರು.

ಅವಳ ಎರಡನೇ ಬೆರಳು ಕೊಕ್ಕೆಯಂತೆ ಬಾಗಿತ್ತು. ಕಾಲುಂಗುರ ಮಾಂಸದೊಳಗೆ ಹೂತು, ಸುತ್ತ ಕೀವು ಕಟ್ಟಿತ್ತು. "ಎಷ್ಟು ವರ್ಷದಿಂದ ಹೀಗಿದೆ ಸಾರ್?" ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ನಾಚಿಕೆಯಾಗಿ ಗೋಡೆಯ ಮೇಲಿನ ಎಲುಬುಗಳ ಚಿತ್ರ ನೋಡಿದೆ. ಉಂಗುರ ಇವತ್ತೇ ಕತ್ತರಿಸಬೇಕು, ತಡ ಮಾಡಿದರೆ ಬೆರಳಿಗೇ ಅಪಾಯ ಎಂದರು ಅವರು. ಸರೋಜ ಪಾದ ಹಿಂದಕ್ಕೆಳೆದುಕೊಂಡಳು. "ಇವರು ಇರೋವಾಗ ಹೇಗೆ ತೆಗೀಲಿ? ಬೆರಳು ಹೋದ್ರೆ ಹೋಗ್ಲಿ."

ನನಗೆ ಸಿಟ್ಟು ಬಂತು, ಅಳುವೂ ಬಂತು. "ನಾನು ಬದುಕಿದೀನಿ ಅಂತ ಊರಿಗೆ ತೋರ್ಸೋಕೆ ನಿನ್ನ ಬೆರಳು ಕೊಳೀಬೇಕೇನೇ?" ಎಂದೆ. ಅವಳು ಹಿಂದಕ್ಕೆಳೆದ ಪಾದವನ್ನು ಮೆಲ್ಲಗೆ ಮುಂದೆ ಚಾಚಿ, "ತೊಡಿಸಿದವರು ನೀವು. ತೆಗೆಯೋವಾಗ ನೀವೇ ಹಿಡ್ಕೊಳ್ಳಿ" ಎಂದಳು. ಡಾಕ್ಟರಮ್ಮ ಕತ್ತರಿಸಿದರು; ನಾನು ನೆಲದ ಮೇಲೆ ಕೂತು ಪಾದ ಹಿಡಿದುಕೊಂಡೆ. ಅವಳು ಕೂಗಲಿಲ್ಲ. ಕೂಗುವ ಇಲಾಖೆ ಮೊದಲಿನಿಂದಲೂ ನನ್ನದೇ.

ಉಂಗುರ ಈಗ ಕುಂಕುಮದ ಭರಣಿಯಲ್ಲಿದೆ. ಬೆಳಿಗ್ಗೆ ಸಂಜೆ ಗಾಯ ತೊಳೆದು ಬಟ್ಟೆ ಕಟ್ಟುವುದು ನನ್ನ ಕೆಲಸ. "ಭೀಮನ ಅಮಾವಾಸ್ಯೆ ಮುಗಿದು ತಿಂಗಳಾಯ್ತು, ಸಾಕು ಬಿಡ್ರಿ" ಎಂದು ಅವಳು ಗೇಲಿ ಮಾಡುತ್ತಾಳೆ. ಮೊನ್ನೆ ಆ ಹುರುಪಿನಲ್ಲೇ ನಾನೊಬ್ಬನೇ ಹಲಸೂರಿಗೆ ಹೋಗಿ ಅವಳಿಗೆ ಅಗಲದ ಚಪ್ಪಲಿ ಕೇಳಿದೆ. ಅಂಗಡಿಯವನು, "ಅಮ್ಮಾವ್ರ ನಂಬರ್ ಎಷ್ಟು ಸಾರ್?" ಎಂದ. ಕ್ಷಣವೂ ಯೋಚಿಸದೆ "ಏಳು" ಎಂದೆ.

ಮನೆಯಲ್ಲಿ ಅವಳು ಅದರೊಳಗೆ ಪಾದವಿಟ್ಟು, ಹಿಂದೆ ಉಳಿದ ಜಾಗ ನೋಡಿ ನಕ್ಕಳು. "ಇದು ನನ್ನ ನಂಬರಲ್ಲ, ನಿಮ್ದೂ ಅಲ್ಲ. ನಿಮ್ಮ ಕಾರ್ಡಿಂದು." ನಾಳೆ ಬದಲಾಯಿಸಬೇಕು. ಕಾಗದದ ಮೇಲೆ ಅವಳ ಪಾದ ಇರಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಿದ್ದೇನೆ. ನನ್ನನ್ನು ನಂಬುವ ಹಾಗಿಲ್ಲವೆಂದು ಪಕ್ಕದಲ್ಲಿ ಅವಳ ಹೆಸರನ್ನೂ ಬರೆದಿದ್ದೇನೆ.