ಅಳ್ಯಾನ ಇಂಜಿನ್ನು, ಮಾವನ ಕಾನೂನು

ಕಾನೂನು ಬದಲ ಮಾಡೂದಂದ್ರ ನಮ್ಮ ಮಂಡಳಿಗೆ ನೆಗಡಿ ಇದ್ದಂಗ. ಗಾಳಿ ಒಂದೀಟು ತಿರಗಿತು ಅಂದ್ರ ಬಂದ ಬರತೈತಿ.

ಯಾವ ಮಂಡಳಿ ಅಂತ ಮೊದಲ ಹೇಳತೇನಿ. ಕಬ್ಬಿಣದ ಪೈಪ ಬೆಸದು, ನಾಕು ಸಣ್ಣ ಗಾಲಿ ಹಚ್ಚಿ, ಹಿಂದ ಹಳೇ ಬೈಕಿನ ಇಂಜಿನ್ನು ಕುಂಡ್ರಿಸಿದ್ರ ಒಂದು ಗಾಡಿ ಆಗತೈತಿ. ಅದಕ್ಕ ಕಾರ್ಟ್ ಅಂತಾರ. ಕುಂತ್ರ ಕುಂಡಿಗೂ ನೆಲಕ್ಕೂ ನಾಕ ಬೆರಳ ಸಂದಿ. ಇಂಥಾ ಗಾಡಿ ಓಡಸೋ ಹುಚ್ಚರು ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಎಲ್ಲಾ ಕಡೆ ಅದಾರ. ಈ ಹುಚ್ಚರೆಲ್ಲಾ ಕೂಡಿ ಕಟ್ಟಿದ್ದ ನಮ್ಮ ಮಂಡಳಿ. ವರ್ಷಕ್ಕೊಮ್ಮಿ ಹುನ್ನೂರ ಕಡೆ ಒಂದು ಬರಡು ಮಡ್ಡಿಯೊಳಗ ರೇಸ್ ಇಡತೇವಿ. ನಾ ಜಮಖಂಡ್ಯಾಗ ಬೈಕ್ ಸಾಮಾನಿನ ಅಂಗಡಿ ಇಟ್ಟಾಂವ. ರೇಸಿನಾಗ ಝೇಂಡಾ ಬೀಸೂದು ನನ್ನ ಕೆಲಸ. ಝೇಂಡಾ ಬೀಸಾಂವನ ಮಾತು ಯಾರೂ ಕೇಳೂದಿಲ್ಲ, ಆದ್ರ ಅಂವಗ ಎಲ್ಲಾ ಕಾಣತೈತಿ.

ಬನಹಟ್ಟಿಯಾಗ ಒಬ್ಬಾಕಿ ಅಕ್ಕ ಅದಾಳ. ಮನ್ಯಾಗ ಪವರ್‌ಲೂಮ್ ನಡಸ್ತಾಳ, ರೇಸಿನ ದಿನ ಗಂಡನ ಪ್ಯಾಂಟ್ ಹಾಕ್ಕೊಂಡು ಬಂದು ಎಲ್ಲಾರನ್ನೂ ಹಿಂದ ಹಾಕ್ತಾಳ. ಸತತ ಎರಡು ವರ್ಷ ಗೆದ್ದಾಳ. ಮೂರನೇ ಸಲ ಗೆದ್ರ ಬಹುಮಾನದ ದೊಡ್ಡ ಢಾಲು ಕಾಯಂ ಆಕಿ ಮನಿಗೆ. ಮಗ್ಗದ ಮನಿ ಗ್ವಾಡಿಗೆ ಆಗಲೇ ಮೊಳಿ ಬಡದಿಟ್ಟಾಳ.

ಆ ಮೊಳಿ ನಮ್ಮ ಅಧ್ಯಕ್ಷರ ಕಣ್ಣಾಗ ನಟ್ಟಿತು. ಅಧ್ಯಕ್ಷರು ಮುಧೋಳ ಕಡೆ ಕಬ್ಬಿನ ಸಾವಕಾರರು. ಎರಡೂ ವರ್ಷ ಎರಡನೇ ನಂಬರ್ ಬಂದಾಂವ ಅವರ ಅಳ್ಯಾ.

ಹೊಗಿ

ರವಿವಾರ ರೇಸ್ ಅಂದ್ರ, ಅದ ವಾರ ಸಾವಕಾರರು ತಮ್ಮ ತ್ವಾಟದ ಮನ್ಯಾಗ ಸಭಾ ಕರದ್ರು. "ಹಳೇ ಇಂಜಿನ್ನು ಬರೇ ಹೊಗಿ ಉಗಳತಾವ. ಮುಂದಿನ ಪೀಳಿಗಿ ಬದುಕಬೇಕೋ ಬ್ಯಾಡೋ? ಈ ರವಿವಾರದಿಂದ ಹೊಸಾ ಇಂಜಿನ್ನ ಆಗಬೇಕು."

ಹೊಸಾ ಇಂಜಿನ್ನು ಇಡೀ ಮಂಡಳ್ಯಾಗ ಒಬ್ಬನ ಕಡೆ ಇತ್ತು. ಯಾರ ಕಡೆ ಅಂತ ಬಾಯಿ ಬಿಟ್ಟು ಹೇಳಬೇಕೇನು? ಅಳ್ಯಾ ಹಳೇದನ್ನ ಗುಜರಿಗೆ ಹಾಕಿ, ಹೊಸದ್ದನ್ನ ಗಾಡಿಗೆ ಕುಂಡ್ರಿಸಿ, ಮಾಲಿ ಹಾಕಿ, ನಿಂಬಿಹಣ್ಣು ಕಟ್ಟಿ ಅಂಗಳದಾಗ ನಿಂದ್ರಿಸಿದ್ದ. ಅಕ್ಕನ ಕಡೆ ಇದ್ದದ್ದು ಅದೊಂದ ಹಳೇ ಇಂಜಿನ್ನು. ಅದು ಹೋತಂದ್ರ ಢಾಲೂ ಹೋತು.

"ಅವಸರ ಮಾಡಬ್ಯಾಡ್ರಿ, ಉಳದವರಿಗೆ ಒಂದು ವರ್ಷರ ಟೈಮ್ ಕೊಡ್ರಿ" ಅಂದೆ ನಾ.

"ನೀ ಝೇಂಡಾ ಹಿಡಕೊಂಡು ಸುಮ್ನ ನಿಂದ್ರೋ ಮಾರಾಯಾ" ಅಂದ್ರು ಸಾವಕಾರರು.

ಪೀಳಿಗಿ ಬಗ್ಗೆ ಇನ್ನೂ ಭಾಷಣ ನಡದಿತ್ತು, ಅಷ್ಟರಾಗ ಕಿಡಕಿಯಿಂದ ಹೊಗಿ ನುಗ್ಗಿತು. ಕೆಮ್ಮಿ ಕೆಮ್ಮಿ ಎಲ್ಲಾರ ಕಣ್ಣಾಗ ನೀರು. ನೋಡಿದ್ರ, ಸಾವಕಾರರದ ಹೊಲದಾಗ ಕಬ್ಬು ಕಡದ ಮ್ಯಾಲೆ ಉಳದ ಒಣ ರವದಿಗೆ ಬೆಂಕಿ ಹಚ್ಚ್ಯಾರ!

"ಸಾವಕಾರ್ರ, ಇದು ಹೊಗಿ ಅಲ್ಲೇನ್ರಿ?" ಅಂತ ಅಕ್ಕ ಕೇಳಿದ್ಲು.

"ಇದು ರೈತರ ಹೊಗಿ, ತಂಗಿ. ಏನೂ ಆಗೂದಿಲ್ಲ" ಅಂದು ಕಿಡಕಿ ಹಾಕಿಸಿದ್ರು.

ಕೈ ಎತ್ರಿ

ಎಲ್ಲಾ ನ್ಯಾಯದಂಗ ಆಗಬೇಕಲ್ಲ, ಮತಕ್ಕ ಹಾಕಿದ್ರು. ಯಾವಾಗ? ಎಲ್ಲಾರೂ ಊಟಕ್ಕ ಪಂಕ್ತಿ ಕುಂತಾಗ. ಉಂಡ ಮನಿ ಜಂತಿ ಎಣಿಸಬಾರದು ಅಂತ ಗಾದಿ ಐತಿ ನೋಡ್ರಿ, ಸಾವಕಾರರು ಆ ಗಾದಿನ್ನ ಸಜ್ಜಿ ರೊಟ್ಟಿ ಜೋಡಿ ಬಡಿಸಿದ್ರು. ತೋಳನ್ನ ಕುರಿ ಕಾಯಾಕ ಇಟ್ಟ ಮ್ಯಾಲೆ ಇನ್ನೇನು ಆಗತೈತಿ?

"ಒಪ್ಪಿದವರು ಕೈ ಎತ್ರಿ" ಅಂದ್ರು. ತಮ್ಮದೊಂದು ಕೈ, ಅಳ್ಯಾಂದು ಎರಡೂ ಕೈ. ಉಳದವರ ಕೈ ಎಣ್ಣಿಗಾಯಿಪಲ್ಯಾದಾಗ. ಆವಾಗ ಬೀಳಗಿ ಮಾಸ್ತರು ಕೈ ಎತ್ತಿದ್ರು. ಸಾಲ್ಯಾಗ ಗಣಿತ ಕಲಸಾವ್ರು, ಅವರೂ ಗಾಡಿ ಓಡಸ್ತಾರ.

"ಆತು! ಪಾಸ್!" ಅಂತ ಸಾವಕಾರರು ಒದರಿದ್ರು.

ಮಾಸ್ತರು ಗಾಬರಿಯಾಗಿ, "ಅಯ್ಯ, ನಾ ಇನ್ನೊಂದು ರೊಟ್ಟಿ ಬೇಡಾಕತ್ತಿದ್ದೆರಿ!" ಅಂದ್ರು.

"ಅದನ್ನೂ ಪಾಸ್ ಮಾಡೇವಿ, ಮಾಸ್ತರ. ಏ, ರೊಟ್ಟಿ ತಾರೋ ಇಲ್ಲೆ!"

ಪಾಲು

ನನ್ನ ಮೈ ಉರದು ಹೋತು. ಥೂ, ಇದೂ ಒಂದು ಮಂಡಳಿ ಏನು! ಆದ್ರ ಅಕ್ಕ ಜಗಳಾ ತಗಿಲಿಲ್ಲ. ಆಕಿಗೆ ಸಿಟ್ಟು ಬಂದಷ್ಟೂ ಮಾತು ಮೆತ್ತಗಾಗತಾವ. ಕೈ ತೊಳಕೊಂಡು ಬಂದು ಕೇಳಿದ್ಲು: "ಸಾವಕಾರ್ರ, ತೇರದಾಳದಾಗ ಅಣ್ಣತಮ್ಮರ ಹೊಲಾ ಪಾಲು ಮಾಡಾಕ ಹಿರ್ಯಾರಾಗಿ ಹೋಗಿದ್ರಲ್ಲಾ, ಹೆಂಗ ಬಗಿಹರಿಸಿದ್ರಿ?"

ಹೊಗಳಿಕಿ ಅಂದ್ರ ಸಾವಕಾರರಿಗೆ ಹೋಳಗಿ ಇದ್ದಂಗ. ಮೀಸಿ ತಿರವಿದ್ರು. "ಹಿರ್ಯಾನ ಕೈಲೆ ಪಾಲು ಹಾಕಿಸಿದೆ. ಕಿರ್ಯಾಗ, ನೀ ಮೊದಲ ಆರಿಸ್ಕೋ ಅಂದೆ. ಪಾಲು ಹಾಕಿದಾಂವಗ ಉಳದದ್ದು. ಹಿಂಗ ಮಾಡಿದ್ರ ಯಾವ ಮಗಾನೂ ಬದುವು ಸರಸೂದಿಲ್ಲ!"

"ಖರೆ ಮಾತಂದ್ರಿ. ಇಲ್ಲಿ ಕಾನೂನು ನೀವು ಹಾಕೀರಿ. ಹಂಗಾರ ಗಾಡಿ ನಾವು ಮೊದಲ ಆರಿಸ್ಕೋತೇವಿ. ಉಳದದ್ದು ನಿಮ್ಮ ಅಳ್ಯಾರಿಗೆ. ನಾ ಆ ಮಾಲಿ ಹಾಕಿದ್ದನ್ನ ತಗೋತೇನಿ."

ಪಂಕ್ತಿ ತುಂಬ "ಸರಿ ಐತಿ! ಸರಿ ಐತಿ!" ಅಂತ ಗದ್ದಲ ಎದ್ದಿತು. ಮಾಸ್ತರು ಈ ಸಲ ಎರಡೂ ಕೈ ಎತ್ತಿದ್ರು, ಹೊಟ್ಟಿ ತುಂಬಿತ್ತು. ಅಳ್ಯಾ ಅಂಗಳಕ್ಕ ಓಡಿಹೋಗಿ ಇಂಜಿನ್ನು ಅಪ್ಪಿಕೊಂಡು ನಿಂತ.

ಸಾವಕಾರರು ಗಂಟಲಾ ಸರಿಮಾಡಿಕೊಂಡ್ರು. "ನೋಡ್ರಿ, ಕಾನೂನು ಅಂದ್ರ ಅವಸರ ಮಾಡಬಾರದು. ಹಳೇ ಇಂಜಿನ್ನಿನವರಿಗೆ ಅನ್ಯಾಯ ಆಗತೈತಿ. ಎಲ್ಲಾರಿಗೂ ಒಂದು ವರ್ಷ ಟೈಮ್ ಕೊಡೂಣು. ಈ ಸಲ ಬರೇ ಹಳೇ ಇಂಜಿನ್ನ ಓಡಲಿ."

ನ್ಯಾಯ ಅವರ ಹೊಟ್ಟ್ಯಾಗ ಇಷ್ಟು ಲಗೂ ಹುಟ್ಟಿದ್ದು ನಾ ಎಂದೂ ನೋಡಿದ್ದಿಲ್ಲ.

ರವಿವಾರ

ಈಗ ಅಳ್ಯಾನ ಹಳೇ ಇಂಜಿನ್ನು ಎಲ್ಲೈತಿ? ಗುಜರ್ಯಾಗ! "ಇದೊಂದ ಸಲ ಅಂವನ ಹೊಸದ್ದನ್ನ ಬಿಡ್ರಿ" ಅಂತ ಸಾವಕಾರರು ಮಡ್ಡಿ ತುಂಬ ಅಂಗಲಾಚಿದ್ರು.

"ಅದಕ್ಕೂ ಒಂದು ವರ್ಷ ಟೈಮ್ ಐತಲ್ರಿ" ಅಂದ್ಲು ಅಕ್ಕ.

ಕಡೀಕ ಮಾಸ್ತರು ತಮ್ಮ ಗಾಡಿ ಕೊಟ್ಟು ರೊಟ್ಟಿ ಋಣ ತೀರಿಸಿದ್ರು. ನಾ ಝೇಂಡಾ ಬೀಸಿದೆ. ಅಕ್ಕ ಮುಂದ, ಅಳ್ಯಾ ಹಿಂದ. ಸುತ್ತು ಹಾಕಿದಷ್ಟೂ ಆಕಿ ಇಂಜಿನ್ನಿನ ಹೊಗಿ ಸೀದಾ ಅಂವನ ಬಾಯಾಗ. ಅಕ್ಕ ಗೆದ್ಲು. ಅಳ್ಯಾ ಮಸಿ ಮುಖಾ ಮಾಡಿಕೊಂಡು ಇಳದಾಗ ಅಂವನ ಮಾವಗ ಸುದ್ದಾ ಗುರ್ತು ಸಿಗಲಿಲ್ಲ.

ಢಾಲು ಕೊಡಾಕ ಬಂದ್ರ, ಅಕ್ಕ ಗಾಡಿ ಬಂದ್ ಮಾಡಿದ್ದಿಲ್ಲ. ಬೇಕಂತನ ಮಾಡಿದ್ದಿಲ್ಲ. ಸಾವಕಾರರು ಮೂಗು ಮುಚ್ಚಿಕೊಂಡು, ಕೆಮ್ಮಿಕೋತ, "ಏನವಾ ತಂಗಿ, ಏನು ಹೊಗಿ ಇದು!" ಅಂದ್ರು.

ಅಕ್ಕ ಢಾಲು ಇಸಕೊಂಡು ಕಂಕಳಾಗ ಅವಚಿಕೊಂಡು ಅಂದ್ಲು:

"ಇದು ನೇಕಾರರ ಹೊಗಿ, ಸಾವಕಾರ್ರ. ಏನೂ ಆಗೂದಿಲ್ಲ."