ಇಪ್ಪತ್ತೇಳು ಪಾಯಿಂಟಿನ ವೀರರು

ದೊಡ್ಡೋರನ್ನ ಆಟಕ್ಕೆ ಕೂರಿಸಿದರೆ ಆಟ ಶುರುವಾಗೋದೇ ಇಲ್ಲ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಇದು ಪ್ರತಿ ಭಾನುವಾರ ಸಾಬೀತಾಗುತ್ತಿತ್ತು. ಇಲ್ಲಿ ಬರೆದಿರೋದರಲ್ಲಿ ಮುಕ್ಕಾಲು ಪಾಲು ನಿಜ. ಯಾವ ಮುಕ್ಕಾಲು ಅಂತ ಮಾತ್ರ ಕೇಳಬೇಡಿ.

ನನ್ನ ಅಕ್ಕನ ಮಗಳು ಒಂದು ಕಥೆಯಾಟ ಕಟ್ಟಿದ್ದಳು. ನಾವೆಲ್ಲ ಕಾಗದದ ಮೇಲೆ ಒಬ್ಬೊಬ್ಬ ವೀರನನ್ನು ಹುಟ್ಟಿಸಬೇಕು. ಕಥೆ ಅವಳು ಹೇಳ್ತಾಳೆ, ಗೆಲುವು ಸೋಲು ದಾಳ ಹೇಳುತ್ತೆ. ಕೊನೆಗೆ ಗುಹೆಯಲ್ಲೊಂದು ಡ್ರ್ಯಾಗನ್. ಅದಕ್ಕೋಸ್ಕರ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದಳು. ಯಾರಾದರೂ ಅದರ ತನಕ ಬಂದರೆ ಸಾಕು ಅನ್ನೋದೇ ಅವಳ ಆಸೆ. ಆಫೀಸಿನ ಗೆಳೆಯರು ಕೈಕೊಟ್ಟ ಮೇಲೆ ನನಗೆ ಗಂಟುಬಿದ್ದಳು. ನಾನು ಇಬ್ಬರನ್ನು ಹಿಡಿದು ತಂದೆ: ಕಾಮಾಕ್ಷಿಪಾಳ್ಯದಲ್ಲಿ ವರ್ಕ್‌ಶಾಪ್ ಇಟ್ಟಿರೋ ಗೆಳೆಯ, ಕುರುಬರಹಳ್ಳಿಯ ಆಂಟಿ.

೧. ಉಳಿದಿದ್ದೇನು?

ಪ್ರತಿಯೊಬ್ಬರಿಗೂ ಇಪ್ಪತ್ತೇಳು ಪಾಯಿಂಟು. ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಆಕರ್ಷಣೆ – ಈ ಆರಕ್ಕೂ ಹಂಚಬೇಕು. ವರ್ಕ್‌ಶಾಪ್ ಗೆಳೆಯ ಶಕ್ತಿಗೆ ಸುರಿದ, ತಾಳಿಕೆಗೆ ಸುರಿದ, ಚುರುಕಿಗೂ ಸುರಿದು ಪೆನ್ನು ಕೆಳಗಿಟ್ಟ.

“ಅಂಕಲ್, ಬುದ್ಧಿಗೆ ಏನೂ ಉಳೀಲಿಲ್ವಲ್ಲ?”

“ಪರವಾಗಿಲ್ಲ ಬಿಡಮ್ಮ. ಇಷ್ಟು ವರ್ಷ ವರ್ಕ್‌ಶಾಪ್ ನಡೆಸಿಲ್ವಾ?”

೨. ಇದ್ಯಾವ ಅಂಗಡಿ?

ಆಂಟಿ ಆಕರ್ಷಣೆಯನ್ನು ಏರಿಸುತ್ತಾ ಹೋದರು. ಮೇಲ್ಮೇಲಕ್ಕೆ ಹೋದಂತೆ ಒಂದೊಂದು ಮೆಟ್ಟಿಲಿಗೆ ಎರಡೆರಡು ಪಾಯಿಂಟು ಕೊಡಬೇಕು ಅಂದಳು ಹುಡುಗಿ. ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

“ಜಾಸ್ತಿ ತಗೊಂಡ್ರೆ ರೇಟು ಇಳೀಬೇಕು ಕಣಮ್ಮ, ಏರೋದುಂಟಾ?”

“ರೂಲ್ಸ್ ಹಂಗೇ ಇದೆ, ಆಂಟಿ.”

“ಹೋಗ್ಲಿ, ಇಷ್ಟು ತಗೊಂಡಿದೀನಿ, ಕೊಸರು ಹಾಕು. ಕೊತ್ತಂಬರಿ ಥರ ಒಂದು ಚೂರು ವಿವೇಕ ಉದುರಿಸು, ಸಾಕು.”

೩. ಕಿವಿಮಾತು

ಆಮೇಲಿನ ಭಾನುವಾರ ನನ್ನ ಬಾಯಿ ಸುಮ್ಮನಿರಲಿಲ್ಲ. ಆಂಟಿಗೆ ಒಳಗೊಳಗೇ ಮೂವತ್ತೆರಡು ಸಿಕ್ಕಿದೆ ಅಂತ ಗೆಳೆಯನ ಕಿವಿಯಲ್ಲಿ ಊದಿದೆ. ಗೆಳೆಯನಿಗೆ ಮೂವತ್ತೆರಡು ಸಿಕ್ಕಿದೆ ಅಂತ ಆಂಟಿ ಕಿವಿಯಲ್ಲೂ ಊದಿದೆ. ಸಂಜೆತನಕ ಜಗಳ. ಕೊನೆಗೆ ಇಬ್ಬರೂ ಒಂದಾಗಿ ನನ್ನ ಮೇಲೆ ತಿರುಗಿ, “ಅಂದ್ರೆ ಮೂವತ್ತೆರಡು ತಗೊಂಡಿರೋನು ನೀನೇ!” ಅಂದರು. ಅಷ್ಟೊತ್ತಿಗೆ ನನಗೂ ಹೌದೇನೋ ಅನ್ನಿಸಿತ್ತು.

ಹುಡುಗಿ ಕಣ್ಣು ತುಂಬಿಕೊಂಡಳು. “ಮಾಮ, ಮುಂದಿನ ವಾರವೂ ಗುಹೆ ತಲುಪದಿದ್ರೆ ಈ ಆಟಾನೇ ಬಿಟ್ಬಿಡ್ತೀನಿ.”

೪. ಗುಹೆ

ಮುಂದಿನ ವಾರ ಅವಳು ಶಾಂತವಾಗಿ ಅಂದಳು: “ಯಾರಿಗೆಷ್ಟು ಬೇಕೋ ತಗೊಳ್ಳಿ. ಮೂರೂ ಜನರದ್ದನ್ನ ಕೂಡಿಸಿ, ಅಷ್ಟನ್ನೇ ಡ್ರ್ಯಾಗನ್‌ಗೆ ಕೊಡ್ತೀನಿ.”

ಚೌಕಾಸಿ ತಿರುವುಮುರುವಾಯಿತು. “ನಂಗೆ ಎರಡು ಸಾಕು” ಅಂದ ಗೆಳೆಯ. “ನಂಗೆ ಒಂದು” ಅಂದರು ಆಂಟಿ. “ನಂಗೇನೂ ಬೇಡ” ಅಂತ ನಾನು ತ್ಯಾಗಿಯಾದೆ. ಎರಡೇ ನಿಮಿಷಕ್ಕೆ ಆಟ ಶುರು! ನಮ್ಮ ವೀರರು ಬೇಲಿ ದಾಟೋಕೆ ಹೋಗಿ ಬಿದ್ದು, ಮೇಕೆಯೊಂದರಿಂದ ಒದೆ ತಿಂದು, ತೆವಳಿಕೊಂಡು ಗುಹೆ ಸೇರಿದರು. ಹುಡುಗಿ ಡ್ರ್ಯಾಗನ್ ಪರವಾಗಿ ದಾಳ ಉರುಳಿಸಿದಳು. ಬಿದ್ದದ್ದು ಬರೀ ಒಂದು.

“ಡ್ರ್ಯಾಗನ್ ಬೆಂಕಿ ಉಗುಳೋಕೆ ಹೋಗಿ... ಕೆಮ್ಮಿತು.”

“ಇದೇ ಟೈಮು, ಹೊಡೀರೋ!” ಅಂದ ಗೆಳೆಯ.

ಆಂಟಿ ಅವನ ಕೈ ಹಿಡಿದರು. “ಥೂ, ಕೆಮ್ಮು ಹಿಡಿದಿರೋ ಪ್ರಾಣಿ ಮೇಲೆ ಕೈ ಮಾಡ್ತೀಯೇನೋ? ನಮ್ಮನೆಗೆ ಕರ್ಕೊಂಡು ಹೋಗೋಣ, ಮೆಣಸಿನ ಕಷಾಯ ಕಾಯಿಸ್ತೀನಿ.”

“ಎತ್ಕೊಂಡು ಹೋಗೋಕೆ ಶಕ್ತಿ ಯಾರಿಗಿದೆ ಆಂಟಿ?” ಹುಡುಗಿ ನಗು ತಡೀಲಾರದೆ ಕೇಳಿದಳು.

ಆಂಟಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

“ಅದೇ ನಡ್ಕೊಂಡು ಬರ್ಲಿ ಬಿಡು. ಇವರಿಬ್ಬರನ್ನೂ ಬೆನ್ನ ಮೇಲೆ ಕೂರಿಸ್ಕೊಳ್ಳೋಕೆ ಹೇಳು, ಪಾಪ, ಸುಸ್ತಾಗಿದಾರೆ.”