ಎರಡನೆಯ ಲೆನ್ಸ್ ಮತ್ತು ಅಕ್ಕನ ಮಗಳ ರೋಸ್

ಏನಾದರೂ ಕೊಳ್ಳುವ ಮೊದಲು ನಾನು ಸಿಕ್ಕಿದವರನ್ನೆಲ್ಲ ಕೇಳುತ್ತೇನೆ. ಕೇಳಿದ ಮೇಲೆ ಮೊದಲೇ ಮನಸ್ಸಿನಲ್ಲಿದ್ದದ್ದನ್ನೇ ಕೊಂಡು ತರುತ್ತೇನೆ. ನನ್ನ ಹೆಂಡತಿ ಸಿಂತಿಯಾ ಇದನ್ನು ಹಟ ಎನ್ನುತ್ತಾಳೆ, ನಾನು ಸಮಾಲೋಚನೆ ಎನ್ನುತ್ತೇನೆ. ಫ್ರಿಜ್ಜು, ಸ್ಕೂಟರು, ಕಾಪುವಿನ ನಮ್ಮ ಮನೆಯ ಬಣ್ಣ ಎಲ್ಲವೂ ಹೀಗೆಯೇ ಬಂದವು, ಯಾವುದೂ ಈವರೆಗೆ ಕೈಕೊಟ್ಟಿಲ್ಲ. ಬಣ್ಣ ನೋಡಿದ ದಾರಿಹೋಕರು ಗೇಟಿನ ಬಳಿ ನಿಂತು ಇದು ಅಂಗನವಾಡಿಯೇ ಎಂದು ಕೇಳುವುದುಂಟು, ಆ ಮಾತು ಬೇರೆ. ಕ್ಯಾಮೆರಾಕ್ಕೆ ಎರಡನೆಯ ಲೆನ್ಸ್ ಆರಿಸಿದ್ದೂ ಇದೇ ಕ್ರಮದಲ್ಲಿ.

ಕ್ಯಾಮೆರಾದ ಡಬ್ಬಿಯಲ್ಲೇ ಜೊತೆಗೆ ಬರುವ ಲೆನ್ಸಿಗೆ ಕಿಟ್ ಲೆನ್ಸ್ ಎಂದು ಹೆಸರು. ಪಾಪ, ಅದು ಹೇಳಿದ ಕೆಲಸವನ್ನೆಲ್ಲ ಮಾಡುತ್ತದೆ. ತಿರುಗಿಸಿದರೆ ಇಡೀ ಕೋಣೆ ಹಿಡಿಸುತ್ತದೆ, ಇನ್ನಷ್ಟು ತಿರುಗಿಸಿದರೆ ಒಬ್ಬರ ಮುಖ ಹತ್ತಿರ ಬರುತ್ತದೆ. ಆದರೆ ಪುಕ್ಕಟೆ ಬಂದದ್ದರ ಮೇಲೆ ನಮಗೆ ಗೌರವ ಕಡಿಮೆ. ಎರಡು ವರ್ಷ ಅದರಲ್ಲೇ ಕಾಪು ಕಡಲತೀರದ ದೀಪಸ್ತಂಭದ ಫೋಟೋವನ್ನು ನಾನಾ ಕೋನಗಳಿಂದ ಹೊಡೆದು ಹೊಡೆದು ನನಗೂ ಸಾಕಾಗಿತ್ತು, ದೀಪಸ್ತಂಭಕ್ಕೂ ಸಾಕಾಗಿದ್ದಿರಬೇಕು. ಅಷ್ಟರಲ್ಲಿ ಕಾರ್ಕಳದಲ್ಲಿರುವ ನಮ್ಮ ಹಿಲ್ಡಾ ಅಕ್ಕನ ಒಬ್ಬಳೇ ಮಗಳು ಜೆನಿಶಾಳ ಮದುವೆ ಗೊತ್ತಾಯಿತು. ಮದುವೆಗೆ ದೊಡ್ಡ ಫೋಟೋದವರು ಬರುವುದು ನಿಶ್ಚಯವಾಗಿತ್ತು. ಅದರ ಹಿಂದಿನ ದಿನದ ರೋಸಿಗೆ ಮಾತ್ರ ಅವರು ಬೇಡ, ನಾನೇ ಇದ್ದೇನಲ್ಲ ಎಂದು ಅಕ್ಕನಿಗೆ ಧೈರ್ಯ ಹೇಳಿದೆ. ರೋಸ್ ಎಂದರೆ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಒಬ್ಬರಾದ ಮೇಲೆ ಒಬ್ಬರಂತೆ ನೆಂಟರೆಲ್ಲ ಬಂದು ತಲೆಗೆ, ಮುಖಕ್ಕೆ, ಕೈಗೆ ಹಾಲು ಹಚ್ಚುತ್ತಾರೆ. ಹಾಡು, ನಗು, ಕೊನೆಗೆ ತಾಯಿಯ ಅಳು. ಜೀವಮಾನದಲ್ಲಿ ಒಂದೇ ಸಲ.

ಇಂಥದ್ದಕ್ಕೆ ಕಿಟ್ ಲೆನ್ಸ್ ಸಾಕೇ? ಸಮಾಲೋಚನೆ ಆರಂಭಿಸಿದೆ. ಮಣಿಪಾಲದ ನಮ್ಮ ಆಫೀಸಿನ ಸಹೋದ್ಯೋಗಿ ಶೇಖರಣ್ಣ ರಜೆ ಸಿಕ್ಕಿದರೆ ಮಲ್ಪೆಗೆ ಹೋಗಿ ಹದ್ದಿನ ಫೋಟೋ ತೆಗೆಯುವ ಮನುಷ್ಯ. "ಉದ್ದ ಝೂಮ್ ತಗೊಳ್ಳಿ ಮಾರಾಯ್ರೆ. ಹದ್ದಿನ ಬಾಯಲ್ಲಿರುವ ಬಂಗುಡೆ ಮೀನಿನ ಕಣ್ಣು ಸಹ ಕಾಣ್ತದೆ" ಎಂದರು. ನನ್ನ ಅಕ್ಕನ ಮನೆಯಲ್ಲಿ ಹದ್ದುಗಳಿಲ್ಲ. ಉಡುಪಿಯ ಅಂಗಡಿಯವರು ನನ್ನ ಮನಸ್ಸಿನಲ್ಲಿ ಮೊದಲೇ ಇದ್ದ ಐವತ್ತು ಮಿಲಿಮೀಟರಿನ ಲೆನ್ಸನ್ನೇ ತೋರಿಸಿದರು. ಕೆತ್ತಿದ ಎಳನೀರಿನ ಮುಚ್ಚಳದಷ್ಟು ಗಾತ್ರ, ಇರುವ ಲೆನ್ಸುಗಳಲ್ಲೇ ಅಗ್ಗ. ಝೂಮ್ ಇಲ್ಲ, ಹತ್ತಿರ ಬೇಕಾದರೆ ನಾವೇ ಮುಂದೆ ಹೋಗಬೇಕು, ದೂರ ಬೇಕಾದರೆ ನಾವೇ ಹಿಂದೆ ಬರಬೇಕು. ಆದರೆ ಕತ್ತಲೆಯಲ್ಲೂ ಬೆಳಕು ಹೀರುತ್ತದೆ, ಮುಖ ಮಾತ್ರ ಮಿಂಚಿ ಹಿಂದಿನದೆಲ್ಲ ಮಸುಕಾಗುತ್ತದೆ. ಮನೆಗೆ ತಂದು ಸಿಂತಿಯಾಳನ್ನು ಅಂಗಳದಲ್ಲಿ ಕೂರಿಸಿ ಒಂದು ಫೋಟೋ ಹೊಡೆದೆ. ಮದುವೆಯಾದಾಗಲೂ ಅವಳು ಅಷ್ಟು ಚೆಂದ ಇರಲಿಲ್ಲ. ಈ ಮಾತನ್ನು ಹೊಗಳಿಕೆಯೆಂದೇ ಹೇಳಿದೆ, ಅವಳು ಹಾಗೆ ತೆಗೆದುಕೊಳ್ಳಲಿಲ್ಲ.

"ಆ ಹಳೆಯದನ್ನೂ ಬ್ಯಾಗಿಗೆ ಹಾಕಿ" ಎಂದು ಹೊರಡುವಾಗ ಅವಳೇ ನೆನಪಿಸಿದಳು.

"ಅದೆಂತಕ್ಕೆ? ಹೊಸ ಕಾರು ಉಂಟಂತ ಹಳೆ ಸ್ಕೂಟರನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗ್ತಾರಾ?" ಎಂದೆ. ಈ ಉಪಮೆ ಆಗ ನನಗೆ ತುಂಬ ಹಿಡಿಸಿತ್ತು.

ಅಕ್ಕನ ಮನೆಯ ಹಾಲ್ ಚಿಕ್ಕದು. ನೆಂಟರೆಲ್ಲ ಅದರೊಳಗೇ ಸೇರಿದ್ದರು. ನಾನು ಮೊದಲು ಮಾಡಿದ ಕೆಲಸವೆಂದರೆ ಎಲ್ಲರ ಮೊಬೈಲುಗಳನ್ನು ಒಳಗಿಡಿಸಿದ್ದು. ಮೊಬೈಲು ಎತ್ತಿ ಹಿಡಿದ ಕೈಗಳು ಫೋಟೋ ಕೆಡಿಸುತ್ತವೆ, ಫೋಟೋಗಳನ್ನು ತಮ್ಮನೇ ಎಲ್ಲರಿಗೂ ಕಳಿಸುತ್ತಾನೆ ಎಂದು ಅಕ್ಕನ ಬಾಯಲ್ಲೇ ಹೇಳಿಸಿದೆ. ಹೇಗೂ ಎಲ್ಲರ ಕೈಯೂ ತೆಂಗಿನ ಹಾಲು ಆಗುವುದಿತ್ತು, ಯಾರೂ ತಕರಾರು ಮಾಡಲಿಲ್ಲ. ಜೆನಿಶಾ ಬಂದು ಕುಳಿತಳು. ನಾನು ಕ್ಯಾಮೆರಾಕ್ಕೆ ಕಣ್ಣಿಟ್ಟೆ. ಅದರಲ್ಲಿ ಕಂಡದ್ದು ಜೆನಿಶಾಳ ಮುಖ ಮತ್ತು ಭಾವನ ಮೂಗು. ಹಿಂದೆ ಸರಿದೆ. ಭಾವನ ಮುಖ ಪೂರ್ತಿ ಬಂತು, ಅಕ್ಕ ಬರಲಿಲ್ಲ. ಇನ್ನೂ ಹಿಂದೆ ಸರಿದೆ, ಬೆನ್ನಿಗೆ ಫ್ರಿಜ್ಜು ತಾಗಿತು. ಫ್ರಿಜ್ಜಿನ ಪಕ್ಕದ ಸಂದಿಗೆ ನುಗ್ಗಿ ಹೊಟ್ಟೆ ಒಳಗೆಳೆದುಕೊಂಡು ನೋಡಿದೆ. ಅಕ್ಕ ಅರ್ಧ ಬಂದಳು. ಕೊನೆಗೆ ಬಾಗಿಲು ದಾಟಿ, ಮೆಟ್ಟಿಲು ಇಳಿದು, ಅಂಗಳದ ಬಾವಿಕಟ್ಟೆಯ ತನಕ ಹೋದೆ. ಅಲ್ಲಿಂದ ಬಾಗಿಲು ಬಹಳ ಚೆನ್ನಾಗಿ ಕಾಣುತ್ತಿತ್ತು. ಬಾಗಿಲೊಳಗೆ ಯಾರದೋ ಬೆನ್ನು ಕಾಣುತ್ತಿತ್ತು.

ಧೈರ್ಯಗೆಡದೆ ಒಳಗೆ ಬಂದು ಒಬ್ಬೊಬ್ಬರ ಮುಖದ ಫೋಟೋ ಹೊಡೆಯುತ್ತ ಹೋದೆ. ಎಲ್ಲ ಮುಗಿದ ಮೇಲೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರೆ ಆಯಿತಲ್ಲ ಎಂದು ಲೆಕ್ಕ ಹಾಕಿದ್ದೆ. ಮುಗಿದದ್ದೇ, "ಎಲ್ಲರೂ ಒಮ್ಮೆ ಹೊರಗೆ ಬನ್ನಿ, ಒಂದು ಗ್ರೂಪ್ ಫೋಟೋ" ಎಂದೆ. ನಮ್ಮ ತಾಯಿಯ ತಂಗಿ ಎಮಿಲಿ ಮಾವ್ಶಿ ಮದುಮಗಳ ತೋಳು ಹಿಡಿದು ನಿಂತಿದ್ದರು.

"ರೋಸ್ ಆದ ಮೇಲೆ ಮದುಮಗಳು ಅಂಗಳಕ್ಕೆ ಇಳಿಯುವ ಕ್ರಮ ಉಂಟಾ? ಇನ್ನು ಸ್ನಾನಕ್ಕೇ ಹೋಗುವುದು. ನಿನಗೆ ಇಷ್ಟು ಹೊತ್ತು ಎಂತ ಆಗಿತ್ತು?" ಎಂದವರೇ ಅವಳನ್ನು ಕರೆದುಕೊಂಡು ಹೋಗಿಬಿಟ್ಟರು.

ಅಲ್ಲಿಗೆ ಮುಗಿಯಿತು. ಮನೆ ತುಂಬ ಜನ ಸೇರಿ ಮಾಡಿದ ರೋಸಿಗೆ ಎಲ್ಲರೂ ಒಟ್ಟಿಗಿರುವ ಒಂದೇ ಒಂದು ಫೋಟೋ ಇಲ್ಲ, ಮೊಬೈಲಿನದೂ ಇಲ್ಲ. ಅದಕ್ಕೆ ಖುದ್ದು ನಾನೇ ಏರ್ಪಾಡು ಮಾಡಿದ್ದೆ.

ಮದುವೆಯ ಗಲಾಟೆ ಮುಗಿದ ಮೇಲೆ ಅಕ್ಕ ನಮ್ಮ ಮನೆಗೆ ಬಂದಳು. ಫೋಟೋಗಳನ್ನು ಟಿವಿಗೆ ಹಾಕಿ ತೋರಿಸಿದೆ. ಬೆಳಕಿನ ಬಗ್ಗೆ, ಹಿಂಬದಿಯ ಮಸುಕಿನ ಬಗ್ಗೆ ವಿವರಣೆಯನ್ನೂ ಕೊಟ್ಟೆ. ಅಕ್ಕ ಒಂದೊಂದೇ ಮುಖ ಎಣಿಸುತ್ತ ನೋಡಿದಳು.

"ನೀನು ಹೇಳಿದ್ದಕ್ಕೆ ನಾನು ಎಲ್ಲರ ಮೊಬೈಲ್ ಒಳಗೆ ಇಡಿಸಿದೆ ಅಲ್ವಾ? ಈಗ ಇದನ್ನು ನೋಡಿದರೆ ನನ್ನ ಮಗಳ ರೋಸಿಗೆ ಒಬ್ಬೊಬ್ಬರೇ ಬಂದು ಹೋದ ಹಾಗೆ ಉಂಟು" ಎಂದಳು. ಸಿಟ್ಟಿನಿಂದ ಹೇಳಿದ್ದರೆ ವಾದ ಮಾಡಬಹುದಿತ್ತು, ವಾದದಲ್ಲಿ ನಾನು ಸೋತವನಲ್ಲ. ಅವಳು ಮೆಲ್ಲಗೆ ಹೇಳಿದಳು. ನನಗೆ ನಿಜವಾಗಿಯೂ ಸಂಕಟವಾಯಿತು.

ಮುಂದಿನ ಫೋಟೋ ಅಕ್ಕನದೇ. ಹಾಲಿನ ಕೈಯನ್ನು ಮಗಳ ಕೆನ್ನೆಯ ಮೇಲಿಟ್ಟು ಅವಳನ್ನೇ ನೋಡುತ್ತಿದ್ದಾಳೆ. ಅಳು ಇನ್ನೂ ಹೊರಗೆ ಬಂದಿಲ್ಲ, ಬರುವುದರಲ್ಲಿದೆ. ಅಕ್ಕ ಎದ್ದು ಟಿವಿಯ ಹತ್ತಿರ ಹೋಗಿ ನಿಂತಳು.

"ನಾನು ಹೀಗೆ ನೋಡ್ತಾ ಇದ್ದೆನಾ?" ಎಂದು ಕೇಳಿದಳು. ಸೆರಗಿನಿಂದ ಕಣ್ಣೊರಸಿಕೊಂಡು, "ಇದನ್ನು ದೊಡ್ಡದು ಮಾಡಿಸಿ ಕೊಡು. ಎಮಿಲಿ ಮಾವ್ಶಿಯದ್ದೂ ಒಂದು ಕೊಡು. ಅವರು ನಿನ್ನೆಯೇ ಫೋನಿನಲ್ಲಿ ಕೇಳಿದ್ದಾರೆ" ಎಂದಳು.

ನನ್ನ ಎದೆ ಮತ್ತೆ ಉಬ್ಬಿತು. ಮಾವ್ಶಿಗೂ ಕಲೆಯ ಬೆಲೆ ಗೊತ್ತಾಯಿತಲ್ಲ ಎಂದುಕೊಂಡು ಅವರ ಫೋಟೋವನ್ನು ಮೊಬೈಲಿಗೆ ಕಳಿಸಿ ನಾನೇ ಫೋನ್ ಮಾಡಿದೆ.

"ಚೆಂದ ಬಂದಿದೆ ಮಗಾ" ಎಂದರು ಮಾವ್ಶಿ. "ಮುಖ ಮಾತ್ರ ಉಂಟು, ಅಕ್ಕಪಕ್ಕ ಯಾರೂ ಇಲ್ಲ. ಪೇಪರಿಗೆ ಹಾಕಲಿಕ್ಕೆ ಇಂಥದ್ದೇ ಬೇಕು. ಮೊನ್ನೆ ನಮ್ಮ ಚರ್ಚಿನ ವಾಡೆಯ ಲಿಲ್ಲಿ ತೀರಿಹೋದಾಗ ಯಾವುದೋ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿ ಹಾಕಿದ್ದರು, ಹೆಗಲ ಮೇಲೆ ಯಾರದ್ದೋ ಕೈ ಇತ್ತು. ನನಗೆ ಹಾಗಾಗಬಾರದು."

ಸುದ್ದಿ ಹಬ್ಬಿತು. ರೋಸಿಗೆ ಬಂದಿದ್ದ ಹಿರಿಯರೆಲ್ಲ ತಮ್ಮ ತಮ್ಮ ಮುಖ ಕೇಳಿ ಪಡೆದು ಅಲ್ಮೇರದಲ್ಲಿ ಭದ್ರವಾಗಿಟ್ಟರು. ಬರದಿದ್ದವರು ಹೆಜಮಾಡಿಯಿಂದ ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ನಮ್ಮ ಮನೆಗೇ ಬಂದು ಅಂಗಳದಲ್ಲಿ ಕುಳಿತು ತೆಗೆಸಿಕೊಂಡು ಹೋದರು. ಆಮೇಲೆ ನಮ್ಮ ಬಳಗದಲ್ಲಿ ಯಾವ ರೋಸಿಗೂ ನನಗೆ ಕ್ಯಾಮೆರಾ ತರಲು ಹೇಳಿದವರಿಲ್ಲ. ಭಾನುವಾರದ ಪೂಜೆ ಮುಗಿದು ಇಗರ್ಜಿಯ ಮುಂದೆ ಸುಮ್ಮನೆ ಕ್ಯಾಮೆರಾ ಎತ್ತಿದರೂ ಐವತ್ತು ದಾಟಿದವರು, "ನನಗೆ ಈಗಲೇ ಬೇಡ" ಎಂದು ಆಚೆ ಸರಿಯುತ್ತಾರೆ. ಆದರೂ ನನ್ನ ಆಯ್ಕೆ ಸರಿಯಾಗಿತ್ತು ಎಂದೇ ನಾನು ಹೇಳುವುದು. ಅಗ್ಗದ ಲೆನ್ಸೊಂದು ಇಷ್ಟು ಮನೆಗಳಿಗೆ ನೆಮ್ಮದಿ ಕೊಟ್ಟದ್ದುಂಟೇ?

ಕಳೆದ ಭಾನುವಾರ ಅಕ್ಕನ ಫೋನ್ ಬಂತು. "ನಮ್ಮಲ್ಲಿ ಎಲ್ಲರದ್ದೂ ಆಯಿತು, ನಿನ್ನದೊಂದು ಬಾಕಿ ಉಂಟು. ನಿನಗೂ ಬಿಪಿ ಉಂಟಲ್ಲ" ಎಂದಳು. ಸಿಂತಿಯಾಳಿಗೆ ಅಷ್ಟೇ ಸಾಕಾಯಿತು. ನನಗೆ ಕೋಟು ಹಾಕಿಸಿ ಅಂಗಳದ ಕುರ್ಚಿಯಲ್ಲಿ ಕೂರಿಸಿ ಕ್ಯಾಮೆರಾ ಎತ್ತಿಕೊಂಡಳು. ಫೋಕಸ್ ಕಣ್ಣಿಗೇ ಇಡಬೇಕು, ಒಂದು ಹೆಜ್ಜೆ ಹಿಂದೆ ಹೋಗಬೇಕು ಎಂದೆಲ್ಲ ನಾನು ಹೇಳುತ್ತಲೇ ಇದ್ದೆ.

"ಬಾಯಿ ಮುಚ್ಚಿ ಸ್ವಲ್ಪ ನಗಿ" ಎಂದಳು. "ಬೆಳಿಗ್ಗೆ ಚಾ ಕುಡಿಯುವಾಗ ಜನ ಪೇಪರ್ ಬಿಡಿಸುವುದು. ಅವರಿಗೆ ಬೇಸರ ಆಗಬಾರದು."